ಹಿತ್ತಲಲ್ಲಿ ಲೆಟ್ಯೂಸಿನ ಮುಂಬೆಳೆ

ಬೇಯಿಸದೆ ಹಸಿಯಾಗಿಯೇ ತಿನ್ನಲು ತಕ್ಕ ಸೊಪ್ಪುಗಳಲ್ಲಿ ಲೆಟ್ಯೂಸ್ ಎಂಬುದು ಲೋಕದಲ್ಲೆಲ್ಲ ಹೆಸರಾದುದು. ಇದನ್ನು ಸಲಾಡ್ ಸೊಪ್ಪೆಂದೂ ಕರೆಯುವರು. ಬೆಂಗಳೂರಿನಲ್ಲಿ ೧೮೦೯ರಲ್ಲಿ ದಂಡುಪ್ರದೇಶವು ಏರ್ಪಟ್ಟ ತರುವಾಯ ಸುತ್ತಣ ತೋಟಗಳಲ್ಲಿ ಬೇರೂರಿದ ಕೋಸು, ಕ್ಯಾರೆಟ್ಟು ಮೊದಲಾದ 'ಇಂಗ್ಲಿಷ್ ತರಕಾರಿ'ಗಳ ಪಂಗಡಕ್ಕೆ ಇದೂ ಸೇರಿರುತ್ತದೆ. ಹೆಸರು ಪರದೇಶದ್ದಾದರೂ ಇದರ ಜಾತಿಬಾಂಧವ್ಯವು ನಮಗೆ ಅಪರಿಚಿತವಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ರೊಟ್ಟಿಯೊಡನೆ ಹಸಿಯಾಗಿ ತಿನ್ನುವ ಹಕ್ಕರಿಕೆ ಸೊಪ್ಪೂ, ಲೆಟ್ಯೂಸೂ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದವುಗಳು. ಎರಡನ್ನು ಮುರಿದರೂ ಹಾಲು ಒಸರುವುದು. ಲೆಟ್ಯೂಸಿನ ಶಾಸ್ತ್ರೀಯ ನಾಮವಾದ 'ಲ್ಯಾಕ್ಟೂಕ ಸಟೈವ' ಎಂಬುದರಲ್ಲಿರುವ ಮೊದಲ ಪದವು ಹಾಲೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದುದೇ ಆಗಿರುತ್ತದೆ.

ಚಳಿಗಾಲದ ನಡುವೆ, ಎಂದರೆ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಬಿತ್ತಿದ ಲೆಟ್ಯೂಸು ಮೈಸೂರು ಸೀಮೆಯ ಬಯಲುಗಳಲ್ಲಿ ಹೆಚ್ಚು ಪ್ರಯಾಸವಿಲ್ಲದೆ ಬೆಳೆಯುವುದು. ಆದರೆ ಅದಕ್ಕೆ ಎರಡು ತಿಂಗಳು ಮೊದಲೇ, ಆಗಸ್ಟಿನ ಕೊನೆಯಲ್ಲಿಯೋ ಸೆಪ್ಟೆಂಬರಿನಲ್ಲಿಯೋ ಬಿತ್ತಿ, ಅಕ್ಟೋಬರ್ ಕಳೆಯುವುದರೊಳಗೆ ಎಲೆ ಕೊಯ್ಯಬೇಕೆಂದು ಹೊರಟವರು ಅನೇಕ ವೇಳೆ ನಿರಾಶರಾಗುವರು. ಬೀಜವೇ ಮೊಳೆಯುವುದಿಲ್ಲ. ಎರಡನೆಯ ಪೊಟ್ಟಣವನ್ನು ತಂದು ಬಿತ್ತಿದರೂ ಅದೇ ಗತಿ. ಆಗ ಬೀಜವನ್ನು ಮಾರಿದವನ ಮೇಲೆ ದೂರು ಬೀಳುವುದು. ಕೈತೋಟದ ಉತ್ಸಾಹವೂ ಅಲ್ಲಿಗೇ ಮುಗಿಯುವುದು. ವಾಸ್ತವವಾಗಿ ಇಂಥ ಬೀಜದಲ್ಲಿ ಬಹುಪಾಲು ಜೀವವಿರುವುದೇ ಆಗಿದ್ದು, ಬಿತ್ತಿದ ಕ್ರಮದಿಂದಲೇ ಅದು ನಿದ್ರೆಗೆ ಹೋಗಿರುತ್ತದೆ. ಈ ನಿದ್ರೆಯ ಕಾರಣವನ್ನು ತಿಳಿದರೆ ಮುಂಬೆಳೆಯ ಕಷ್ಟದಲ್ಲಿ ಮುಕ್ಕಾಲು ಪಾಲು ಕಳೆದಂತೆಯೇ.

ಬೀಜದ ಸ್ವಭಾವ

ಲೆಟ್ಯೂಸಿನ ಬೀಜವೆಂದು ಮಾರುವುದು ಸಸ್ಯಶಾಸ್ತ್ರದ ದೃಷ್ಟಿಯಿಂದ ಒಂದೇ ಬೀಜವುಳ್ಳ ಸಣ್ಣ ಒಣಹಣ್ಣು. ಒಂದು ಗ್ರಾಮು ತೂಕದಲ್ಲಿ ಸುಮಾರು ೮೦೦ ರಿಂದ ೧,೦೦೦ ಬೀಜಗಳಿರುವುವು. ಇಷ್ಟು ಸಣ್ಣ ಬೀಜದಲ್ಲಿ ಆಹಾರಸಂಗ್ರಹವು ಅತ್ಯಲ್ಪ. ಆಳವಾಗಿ ಹೂಳಲ್ಪಟ್ಟರೆ ಮೊಳಕೆಯು ಬೆಳಕನ್ನು ಕಾಣುವ ಮೊದಲೇ ಬಳಲಿ ಸಾಯುವುದು. ಆದುದರಿಂದ ತಕ್ಕ ಸಮಯವಲ್ಲದಾಗ ಮೊಳೆಯದಿರುವಂತೆ ಪ್ರಕೃತಿಯು ಈ ಬೀಜಕ್ಕೆ ಎರಡು ಕಾವಲುಗಳನ್ನು ಇಟ್ಟಿರುತ್ತದೆ.

ಮೊದಲನೆಯದು ಉಷ್ಣತೆ. ಸೆಂಟಿಗ್ರೇಡ್ ಮಾನದಲ್ಲಿ ೧೫ ರಿಂದ ೨೦ ಡಿಗ್ರಿಗಳಲ್ಲಿ ಲೆಟ್ಯೂಸು ಚೆನ್ನಾಗಿ ಮೊಳೆಯುವುದು. ೨೭ ಡಿಗ್ರಿಗಳನ್ನು ಮೀರಿದಂತೆಲ್ಲ ಮೊಳೆಯುವ ಬೀಜಗಳ ಸಂಖ್ಯೆಯು ಇಳಿಯುತ್ತ ಬಂದು, ೩೦ ಡಿಗ್ರಿಗಳ ಮೇಲೆ ಅನೇಕ ತಳಿಗಳಲ್ಲಿ ಒಂದೂ ಏಳದೆ ಹೋಗಬಹುದು. ಅಲ್ಲದೆ ತೇವವನ್ನು ಹೀರಿದ ಬೀಜವು ಕಾವಿನಲ್ಲಿ ಕೆಲವು ದಿನಗಳಿದ್ದರೆ, ಬಳಿಕ ಮಣ್ಣು ತಂಪಾದರೂ ಅದು ಕೂಡಲೇ ಎಚ್ಚರಗೊಳ್ಳದು. ತೇವ ತಗಲಿದ ಮೊದಲ ಕೆಲವು ಗಂಟೆಗಳೇ ಅತ್ಯಂತ ಸೂಕ್ಷ್ಮವಾದ ಕಾಲ. ಆ ಗಂಟೆಗಳಲ್ಲಿ ತಂಪು ಸಿಕ್ಕಿದ ಬೀಜವು ಅನಂತರ ಬರುವ ಹಗಲಿನ ಕಾವನ್ನು ತಕ್ಕಮಟ್ಟಿಗೆ ಸಹಿಸಬಲ್ಲುದು.

ಎರಡನೆಯದು ಬೆಳಕು. ತಂಪಿನಲ್ಲಿ ಹಲವು ತಳಿಗಳ ಬೀಜವು ಕತ್ತಲೆಯಲ್ಲಿಯೂ ಮೊಳೆಯುವುದಾದರೂ, ಕಾವು ಏರಿದಂತೆ ಬೆಳಕಿನ ಅಗತ್ಯವೂ ಏರುವುದು. ಅಮೆರಿಕ ಸಂಯುಕ್ತ ಸಂಸ್ಥಾನಗಳ ವ್ಯವಸಾಯ ಇಲಾಖೆಯ ಬೆಲ್ಟ್ಸ್‌ವಿಲ್ ಸಂಶೋಧನ ಕೇಂದ್ರದಲ್ಲಿ ಬೋರ್ಥ್‌ವಿಕ್, ಹೆಂಡ್ರಿಕ್ಸ್ ಮತ್ತು ಅವರ ಸಂಗಡಿಗರು 'ಗ್ರ್ಯಾಂಡ್ ರ್‍ಯಾಪಿಡ್ಸ್' ಎಂಬ ಲೆಟ್ಯೂಸ್ ತಳಿಯ ಬೀಜಗಳ ಮೇಲೆ ನಡೆಸಿ ೧೯೫೨ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ವಿಷಯದಲ್ಲಿ ಪ್ರಸಿದ್ಧವಾಗಿವೆ. ತೇವಗೊಂಡ ಬೀಜಕ್ಕೆ ಕೆಂಪು ಬೆಳಕು ತಗಲಿದರೆ ಅದು ಮೊಳೆಯಿತು. ಬಳಿಕ ಕಣ್ಣಿಗೆ ಸರಿಯಾಗಿ ಕಾಣಿಸದ ಅತಿಗೆಂಪು ಬೆಳಕು ತಗಲಿದರೆ ಮೊಳೆಯುವುದು ನಿಂತಿತು. ಪುನಃ ಕೆಂಪು ಬೆಳಕನ್ನು ಬಿಟ್ಟರೆ ಪುನಃ ಮೊಳೆಯಿತು. ಎಷ್ಟು ಸಲ ಬದಲಾಯಿಸಿದರೂ ಕಡೆಯದಾಗಿ ತಗಲಿದ ಬೆಳಕು ಯಾವುದೋ ಅದರಂತೆಯೇ ಫಲವು ಕಂಡಿತು. ಬೀಜದೊಳಗೆ ಬೆಳಕನ್ನು ಗುರುತಿಸುವ ಈ ವಸ್ತುವಿಗೆ ಮುಂದೆ 'ಫೈಟೋಕ್ರೋಮ್' ಎಂಬ ಹೆಸರಾಯಿತು.

ಪ್ರಯೋಗಶಾಲೆಯ ಈ ಸಂಗತಿಯು ಹಿತ್ತಲಿನವರಿಗೂ ಉಪಯುಕ್ತವಾದುದು. ಗಿಡಮರಗಳ ಹಸುರೆಲೆಯು ಬಿಸಿಲಿನಲ್ಲಿನ ಕೆಂಪು ಬೆಳಕನ್ನು ಹೀರಿಕೊಂಡು ಅತಿಗೆಂಪನ್ನು ಕೆಳಕ್ಕೆ ಬಿಡುವುದು. ಹೀಗಾಗಿ ಮರದ ಅಡಿಯಲ್ಲಿಟ್ಟ ಬೀಜದ ತಟ್ಟೆಯು ತಂಪಾಗಿದ್ದರೂ ಬೀಜಕ್ಕೆ ತಲಪುವ ಬೆಳಕು 'ಮಲಗು' ಎಂದು ಹೇಳುವ ಬೆಳಕೇ ಆಗಿರುತ್ತದೆ. ರಾಗಿಯ ಅಥವಾ ಕೋಸಿನ ಒಟ್ಟಿಗೆ ಮಾಡುವಂತೆ ಲೆಟ್ಯೂಸಿನ ಮಡಿಗೂ ಹುಲ್ಲನ್ನೋ ಗೋಣಿಯನ್ನೋ ದಪ್ಪವಾಗಿ ಹೊದಿಸಿದರೆ ಬೆಳಕೇ ಇಲ್ಲದೆ ಹೋಗುವುದು. ಮುಂಬೆಳೆಯು ಕೆಡುವುದು ಹೆಚ್ಚಾಗಿ ಈ ಮೂರು ಕಾರಣಗಳಿಂದಲೇ: ಕಾವು, ಆಳ, ಮತ್ತು ಮುಚ್ಚಿಗೆ.

ಬೀಜಪರೀಕ್ಷೆ

ಬಿತ್ತುವುದಕ್ಕೆ ಒಂದು ವಾರ ಮೊದಲು ಬೀಜವನ್ನು ಪರೀಕ್ಷಿಸುವುದು ಯುಕ್ತ. ಇಪ್ಪತ್ತಿಪ್ಪತ್ತು ಬೀಜಗಳನ್ನು ಎರಡು ತಟ್ಟೆಗಳಲ್ಲಿ ಒದ್ದೆಬಟ್ಟೆಯ ಮೇಲೆ ಹರಡತಕ್ಕದ್ದು. ಒಂದನ್ನು ಮನೆಯೊಳಗೆ ನೀರಿನ ಮಣ್ಣುಮಡಕೆಯ ಪಕ್ಕದಲ್ಲಿ, ಕಿಟಕಿಯ ಬೆಳಕು ಬೀಳುವಂತೆ ಇಡಬೇಕು. ಇನ್ನೊಂದನ್ನು ಬಿತ್ತಬೇಕೆಂದಿರುವ ಸ್ಥಳದಲ್ಲಿಯೇ ಇಡಬೇಕು. ಎರಡೂ ಒಣಗದಂತೆ ನೋಡಿಕೊಂಡು ಐದಾರು ದಿನಗಳ ಮೇಲೆ ಎಣಿಸಿದರೆ ಸತ್ಯವು ಹೊರಬೀಳುವುದು. ಎರಡರಲ್ಲಿಯೂ ಮೊಳೆಯದಿದ್ದರೆ ಬೀಜವು ಹಳೆಯದು ಅಥವಾ ಕೆಟ್ಟುದು. ತಂಪಿನಲ್ಲಿ ಮೊಳೆತು ಹೊರಗೆ ಮೊಳೆಯದಿದ್ದರೆ ಬೀಜವು ಒಳ್ಳೆಯದೇ, ದೋಷವು ಸ್ಥಳದ್ದು. ಈ ಒಂದು ಪರೀಕ್ಷೆಯಿಂದ ಎರಡನೆಯ ಪೊಟ್ಟಣದ ವೆಚ್ಚವೂ, ಅನ್ಯಾಯವಾದ ದೂರೂ ಎರಡೂ ತಪ್ಪುವುವು.

ಬೀಜವು ಬೇಗನೆ ಸತ್ತ್ವವನ್ನು ಕಳೆದುಕೊಳ್ಳತಕ್ಕುದಾದುದರಿಂದ ಪೊಟ್ಟಣದ ಮೇಲಿನ ತಾರೀಖನ್ನು ನೋಡಿ ಕೊಳ್ಳಬೇಕು. ಉಳಿದ ಬೀಜವನ್ನು ಬಿಗಿಯಾದ ಮುಚ್ಚಳದ ಸೀಸೆಯಲ್ಲಿ, ಹುರಿದು ಆರಿಸಿದ ಅಕ್ಕಿಯ ಒಂದು ಸಣ್ಣ ಗಂಟಿನೊಡನೆ ಹಾಕಿ, ತಂಪುಪೆಟ್ಟಿಗೆಯಲ್ಲಿಟ್ಟರೆ ಮುಂದಿನ ವರ್ಷಕ್ಕೂ ಬರುವುದು. ಅಡಿಗೆಮನೆಯ ಗೂಡಿನಲ್ಲಿ ಬಿಚ್ಚಿಟ್ಟ ಪೊಟ್ಟಣವು ಕಾವಿಗೂ ತೇವಕ್ಕೂ ಒಳಗಾಗಿ ಕೆಡುವುದು.

ತಳಿಗಳ ಆಯ್ಕೆ

ಲೆಟ್ಯೂಸಿನಲ್ಲಿ ಎಲೆಗಳು ಬಿಡಿಬಿಡಿಯಾಗಿರುವುದು, ಕೋಸಿನಂತೆ ಗಟ್ಟಿಯಾದ ಗೆಡ್ಡೆ ಕಟ್ಟುವುದು, ಮೃದುವಾದ ಎಲೆಗಳು ಸಡಿಲವಾಗಿ ಸುತ್ತಿಕೊಳ್ಳುವುದು, ನೀಳವಾಗಿ ನೆಟ್ಟಗೆ ನಿಲ್ಲುವುದು ಎಂದು ಮುಖ್ಯವಾಗಿ ನಾಲ್ಕು ಬಗೆಗಳುಂಟು. ಮನೆಯ ಮುಂಬೆಳೆಗೆ ಬಿಡಿ ಎಲೆಯ ಜಾತಿಯೇ ಉತ್ತಮ. ಇದಕ್ಕೆ ಮೂರು ಕಾರಣಗಳಿವೆ. ಇದು ಬಿತ್ತಿದ ೪೫ ರಿಂದ ೫೫ ದಿನಗಳಲ್ಲಿ ಕೊಯ್ಲಿಗೆ ಬರುವುದು. ಗೆಡ್ಡೆ ಕಟ್ಟುವುದಕ್ಕೆ ಬೇಕಾದ ದೀರ್ಘವಾದ ತಂಪನ್ನು ಇದು ಬಯಸದು. ಹೊರಗಿನ ಎಲೆಗಳನ್ನು ಕಿತ್ತಂತೆಲ್ಲ ಒಳಗಿನಿಂದ ಮತ್ತೆ ಎಲೆ ಬರುವುದರಿಂದ ಒಂದೇ ಗಿಡವು ಹಲವು ವಾರ ಫಲಕೊಡುವುದು. 'ಚೈನೀಸ್ ಯೆಲ್ಲೋ', 'ಗ್ರ್ಯಾಂಡ್ ರ್‍ಯಾಪಿಡ್ಸ್' ಎಂಬವು ಈ ಬಗೆಗೆ ಸೇರಿದ ತಳಿಗಳು. ಗೆಡ್ಡೆ ಕಟ್ಟುವುದರಲ್ಲಿ 'ಗ್ರೇಟ್ ಲೇಕ್ಸ್' ಎಂಬುದು ನಮ್ಮ ದೇಶದಲ್ಲಿ ಬಹುಕಾಲದಿಂದ ಪರಿಚಿತವಾಗಿದೆ. ಅದನ್ನು ಅಕ್ಟೋಬರಿನ ಬಿತ್ತನೆಗೆ ಇಟ್ಟುಕೊಳ್ಳುವುದು ಮೇಲು.

ಬಿತ್ತುವ ಕಾಲ

ಎಲ್ಲ ಪ್ರಾಂತ್ಯಗಳಿಗೂ ಒಂದೇ ತಾರೀಖು ಸಲ್ಲದು. ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರ್ ಎತ್ತರದಲ್ಲಿರುವ ಬೆಂಗಳೂರು, ಕೋಲಾರಗಳ ಕಡೆಯಲ್ಲಿ ಸೆಪ್ಟೆಂಬರಿನ ರಾತ್ರಿಗಳು ೨೦ ಡಿಗ್ರಿಗಳ ಆಸುಪಾಸಿಗೆ ಇಳಿಯುವುದರಿಂದ ಆಗಸ್ಟಿನ ಕೊನೆಯ ವಾರದಿಂದಲೇ ಬಿತ್ತಬಹುದು. ಕೊಡಗು ಮತ್ತು ಮಲೆನಾಡುಗಳಲ್ಲಿ ತಂಪಿದ್ದರೂ ಮಳೆಯ ಹೊಡೆತದಿಂದ ಎಳೆಯ ಸಸಿಯು ಕೊಳೆಯುವುದರಿಂದ, ಮಳೆಯು ಹಿಂಜರಿಯುವವರೆಗೆ ಮಾಡಿನ ಕೆಳಗಲ್ಲದೆ ಬಿತ್ತಕೂಡದು. ರಾಯಚೂರು, ಕಲಬುರಗಿಗಳ ಬಿಸಿಲುಸೀಮೆಯಲ್ಲಿ ಅಕ್ಟೋಬರಿನ ಕೊನೆಯ ಬಿತ್ತನೆಯೇ ಮುಂಬೆಳೆ. ಕರಾವಳಿಯಲ್ಲಿ ಡಿಸೆಂಬರ್, ಜನವರಿಗಳ ಹೊರತು ಈ ಬೆಳೆಯಿಂದ ಹೆಚ್ಚಿನ ಫಲವನ್ನು ನಿರೀಕ್ಷಿಸಲಾಗದು.

ತಟ್ಟೆಯನ್ನು ಸಿದ್ಧಪಡಿಸುವುದು

ಮುಂಬೆಳೆಯ ಬೀಜವನ್ನು ನೆಲದಲ್ಲಿ ನೇರವಾಗಿ ಬಿತ್ತದೆ ತಟ್ಟೆಯಲ್ಲಿಯೋ ಹಣ್ಣಿನ ಪೆಟ್ಟಿಗೆಯಲ್ಲಿಯೋ ಸಸಿ ಎಬ್ಬಿಸುವುದು ಒಳ್ಳೆಯದು. ತಟ್ಟೆಯನ್ನು ತಂಪಿರುವೆಡೆಗೆ ಎತ್ತಿ ಒಯ್ಯಬಹುದೆಂಬುದೇ ಇದರ ಮುಖ್ಯ ಪ್ರಯೋಜನ. ೧೮ ಅಂಗುಲ ಉದ್ದ, ೧೨ ಅಂಗುಲ ಅಗಲ, ೩ ಅಂಗುಲ ಆಳವಿರುವ ಪೆಟ್ಟಿಗೆಯು ಒಂದು ಕುಟುಂಬಕ್ಕೆ ಸಾಕು. ತಳದಲ್ಲಿ ನೀರು ಬಸಿಯಲು ರಂಧ್ರಗಳಿರಬೇಕು. ಅದರ ಮೇಲೆ ಹೆಂಚಿನ ಚೂರುಗಳನ್ನು ಹರಡಿ, ಕೆಂಪುಮಣ್ಣು, ಮರಳು, ಚೆನ್ನಾಗಿ ಕಳಿತ ಎಲೆಗೊಬ್ಬರ ಇವುಗಳನ್ನು ಸಮಭಾಗವಾಗಿ ಕಲಸಿ ಜರಡಿ ಹಿಡಿದು ತುಂಬತಕ್ಕದ್ದು. ತೆಂಗಿನ ನಾರಿನ ಪುಡಿಯು ದೊರೆತರೆ ಮಣ್ಣಿನ ಭಾಗದಲ್ಲಿ ಅರ್ಧಕ್ಕೆ ಅದನ್ನು ಸೇರಿಸಬಹುದು. ಮೇಲ್ಮೈಯನ್ನು ಹಲಗೆಯಿಂದ ಮೆಲ್ಲನೆ ಒತ್ತಿ ಸಮಮಾಡಿ, ಬಿತ್ತುವ ಮೊದಲೇ ಚೆನ್ನಾಗಿ ನೀರೂಡಬೇಕು. ಬಿತ್ತಿದ ಬಳಿಕ ಮೇಲಿನಿಂದ ನೀರೆರೆದರೆ ಬೀಜವು ಒಂದು ಮೂಲೆಗೆ ಕೊಚ್ಚಿಹೋಗುವುದು.

ಬಿತ್ತನೆಯ ಕ್ರಮ

ಹವೆಯು ಬೆಚ್ಚಗಿರುವ ದಿನಗಳಲ್ಲಿ ಬೀಜಕ್ಕೆ ಮೊದಲೇ ತಂಪನ್ನು ಕೊಡುವುದು ಅವಶ್ಯಕ. ಬೀಜವನ್ನು ಒದ್ದೆಬಟ್ಟೆಯ ಮೇಲೆ ತೆಳುವಾಗಿ ಹರಡಿ, ನೇರವಾದ ಬಿಸಿಲಿಲ್ಲದ ಬೆಳಕಿನಲ್ಲಿ ಒಂದೆರಡು ಗಂಟೆ ಇಟ್ಟು, ಬಳಿಕ ಬಟ್ಟೆಯನ್ನು ಸಡಿಲವಾಗಿ ಮಡಿಚಿ ತಂಪುಪೆಟ್ಟಿಗೆಯಲ್ಲಿ ಎರಡು ಮೂರು ದಿನ ಇಡತಕ್ಕದ್ದು. ಮಂಜುಗಟ್ಟುವ ಭಾಗದಲ್ಲಿ ಇಡಕೂಡದು. ತಂಪುಪೆಟ್ಟಿಗೆಯಿಲ್ಲದ ಮನೆಯಲ್ಲಿ ನೀರು ಜಿನುಗುವ ಮಣ್ಣುಮಡಕೆಯ ಹೊರಮೈಗೆ ಈ ಗಂಟನ್ನು ತಗಲಿಸಿ ಒಂದು ರಾತ್ರಿ ಕಟ್ಟಿಟ್ಟರೂ ತಕ್ಕಮಟ್ಟಿನ ಗುಣ ದೊರೆಯುವುದು. ಬೀಜವನ್ನು ನೀರಿನಲ್ಲಿ ಮುಳುಗಿಸಿ ದಿನಗಟ್ಟಲೆ ಬಿಡುವುದು ತಪ್ಪು. ಗಾಳಿಯಿಲ್ಲದೆ ಬೀಜವು ಕೊಳೆಯುವುದು.

ಬಿತ್ತನೆಯನ್ನು ಸಾಯಂಕಾಲದ ಹೊತ್ತಿನಲ್ಲಿಯೇ ಮಾಡತಕ್ಕದ್ದು. ಬೆಳಗ್ಗೆ ಬಿತ್ತಿದರೆ ಸೂಕ್ಷ್ಮವಾದ ಗಂಟೆಗಳು ಮಧ್ಯಾಹ್ನದ ಕಾವಿನೊಳಗೆ ಬೀಳುವುವು. ಸಂಜೆ ಬಿತ್ತಿದರೆ ರಾತ್ರಿಯ ತಂಪಿನೊಳಗೆ ಬೀಳುವುವು. ಬೇರೇನನ್ನೂ ಮಾಡಲಾಗದವರು ಇದೊಂದನ್ನಾದರೂ ಪಾಲಿಸಬೇಕು. ಇದಕ್ಕೆ ಕಾಸಿನ ವೆಚ್ಚವೂ ಇಲ್ಲ.

ತಂಪಿಗೊಳಗಾದ ಬೀಜವನ್ನು ಒಣಮರಳಿನೊಡನೆ ಬೆರಸಿ, ೨ ಅಂಗುಲಕ್ಕೊಂದರಂತೆ ಎಳೆದ ಸಾಲುಗಳಲ್ಲಿ ವಿರಳವಾಗಿ ಉದುರಿಸಬೇಕು. ಮೇಲೆ ಜರಡಿ ಹಿಡಿದ ಮರಳನ್ನು ಬೀಜವು ಅರೆಮರೆಯಾಗುವಷ್ಟೇ ಚಿಮುಕಿಸಬೇಕು. ಅಂಗುಲದ ಎಂಟನೆಯ ಒಂದು ಪಾಲನ್ನು ಯಾವ ಕಾರಣಕ್ಕೂ ಮೀರಕೂಡದು. ತಟ್ಟೆಯನ್ನು ಮರದ ಅಡಿಯಲ್ಲಿಡದೆ, ಮನೆಯ ಉತ್ತರದ ಗೋಡೆಯ ಮಗ್ಗುಲಲ್ಲಿಯೋ ಜಗಲಿಯಲ್ಲಿಯೋ, ಮೇಲೆ ಆಕಾಶದ ಬೆಳಕು ಬೀಳುವಂತೆಯೂ ಮಧ್ಯಾಹ್ನದ ಬಿಸಿಲು ತಗಲದಂತೆಯೂ ಇಡಬೇಕು. ತೇವವನ್ನು ಕಾಯಲು ಮೇಲೆ ಗಾಜಿನ ಹಲಗೆಯನ್ನೋ ತೆಳುವಾದ ಬಿಳಿಯ ಬಟ್ಟೆಯನ್ನೋ ಹಾಕಬಹುದು. ಬಿಸಿಲಿನಲ್ಲಿ ಗಾಜು ಮುಚ್ಚಿದ ತಟ್ಟೆಯು ಒಲೆಯಂತೆ ಕಾಯುವುದೆಂಬುದನ್ನು ಮರೆಯಬಾರದು.

ಇರುವೆಗಳಿಗೆ ಈ ಬೀಜವು ಪ್ರಿಯವಾದುದು. ಒಂದೇ ರಾತ್ರಿಯಲ್ಲಿ ಸಾಲುಸಾಲನ್ನು ಹೊತ್ತುಕೊಂಡು ಹೋಗುವುದುಂಟು. ಪೆಟ್ಟಿಗೆಯನ್ನು ನಾಲ್ಕು ಇಟ್ಟಿಗೆಗಳ ಮೇಲಿಟ್ಟು, ಇಟ್ಟಿಗೆಗಳನ್ನು ನೀರು ತುಂಬಿದ ತಟ್ಟೆಗಳಲ್ಲಿ ನಿಲ್ಲಿಸಿದರೆ ಈ ಬಾಧೆಯು ತಪ್ಪುವುದು. ಆ ನೀರನ್ನು ಎರಡು ಮೂರು ದಿನಗಳಿಗೊಮ್ಮೆ ಚೆಲ್ಲಿ ಬದಲಾಯಿಸಬೇಕು. ಇಲ್ಲವಾದರೆ ಸೊಳ್ಳೆಗಳು ಮರಿಯಿಡುವುವು.

ಎಳೆಯ ಸಸಿಗಳ ಪೋಷಣೆ

ಎಲ್ಲವೂ ಸರಿಯಾಗಿದ್ದರೆ ಮೂರರಿಂದ ಐದು ದಿನಗಳಲ್ಲಿ ಮೊಳಕೆಯು ಕಾಣುವುದು. ಕಂಡ ದಿನವೇ ಗಾಜನ್ನಾಗಲಿ ಬಟ್ಟೆಯನ್ನಾಗಲಿ ತೆಗೆದು, ಬೆಳಗಿನ ಎಳೆಬಿಸಿಲಿಗೆ ತಟ್ಟೆಯನ್ನು ಒಡ್ಡಬೇಕು. ನೆರಳಿನಲ್ಲಿಯೇ ಬಿಟ್ಟರೆ ಸಸಿಯು ಬಿಳಿಚಿಕೊಂಡು ನೂಲಿನಂತೆ ನೀಳವಾಗಿ ಬೆಳೆದು ನೆಲಕ್ಕೊರಗುವುದು. ಹಾಗೆ ಒರಗಿದ ಸಸಿಯು ಮತ್ತೆ ಚೇತರಿಸಿಕೊಳ್ಳುವುದು ವಿರಳ.

ಈ ಹಂತದ ದೊಡ್ಡ ಶತ್ರುವೆಂದರೆ ಸಸಿ ಕೊಳೆಯುವ ರೋಗ. ಸಂಜೆ ನೆಟ್ಟಗಿದ್ದ ಸಸಿಯು ಬೆಳಗಾಗುವುದರೊಳಗೆ ಬುಡವು ಹಿಸುಕಿದಂತಾಗಿ ಮಲಗಿರುವುದು. ಮಣ್ಣಿನಲ್ಲಿರುವ ಶಿಲೀಂಧ್ರಗಳು ಇದಕ್ಕೆ ಕಾರಣ. ಅತಿಯಾದ ನೀರು, ಒತ್ತಾದ ಬಿತ್ತನೆ, ಗಾಳಿಯಾಡದಿರುವುದು ಇವು ಅವುಗಳಿಗೆ ಸಹಾಯಕ. ತಟ್ಟೆಯನ್ನು ಅಗಲವಾದ ಬೋಗುಣಿಯ ನೀರಿನಲ್ಲಿ ಸ್ವಲ್ಪ ಹೊತ್ತು ಇರಿಸಿ ಕೆಳಗಿನಿಂದ ನೀರು ಹೀರುವಂತೆ ಮಾಡುವುದೂ, ಬೆಳಗಿನ ವೇಳೆಯಲ್ಲಿಯೇ ನೀರುಣಿಸುವುದೂ, ಎರಡೆಲೆ ಬಂದೊಡನೆ ಸಸಿಗೂ ಸಸಿಗೂ ಒಂದು ಅಂಗುಲ ಅಂತರವಿರುವಂತೆ ಹೆಚ್ಚಾದುದನ್ನು ಕತ್ತರಿಯಿಂದ ತೆಗೆಯುವುದೂ ಉತ್ತಮವಾದ ರಕ್ಷಣೆ. ಕಿತ್ತ ಎಳೆಸಸಿಗಳನ್ನು ತೊಳೆದು ಕೋಸಂಬರಿಗೆ ಸೇರಿಸಬಹುದು.

ನಾಟಿ ಮತ್ತು ಗೊಬ್ಬರ

ನಾಲ್ಕು ಐದು ಎಲೆಗಳು ಬಂದಾಗ, ಸಾಮಾನ್ಯವಾಗಿ ಬಿತ್ತಿದ ಮೂರು ನಾಲ್ಕು ವಾರಗಳ ಮೇಲೆ, ಸಂಜೆಯ ಹೊತ್ತು ಸಸಿಗಳನ್ನು ಬೇರಿನ ಮಣ್ಣಿನೊಡನೆ ಎತ್ತಿ ನೆಡಬೇಕು. ಎಲೆಗಳು ಕೂಡುವ ಸುಳಿಯು ಮಣ್ಣಿನಲ್ಲಿ ಹೂತುಹೋಗಬಾರದು. ಗೆಡ್ಡೆ ಕಟ್ಟುವ ತಳಿಗಳಿಗೆ ೧೨ ಅಂಗುಲ ಅಂತರ ಬೇಕು. ಬಿಡಿ ಎಲೆಯವಕ್ಕೆ ೮ ರಿಂದ ೯ ಅಂಗುಲ ಸಾಕು. ಈ ಲೆಕ್ಕದಂತೆ ೩ ಅಡಿ ಉದ್ದ, ೨ ಅಡಿ ಅಗಲದ ಒಂದು ಮಡಿಯಲ್ಲಿ ೧೨ ಗಿಡಗಳು ಹಿಡಿಯುವುವು. ನೆಲವಿಲ್ಲದವರು ೬ ರಿಂದ ೮ ಅಂಗುಲ ಆಳದ ಕುಂಡಗಳನ್ನು ತಾರಸಿಯ ಮೇಲೆ ಇಟ್ಟು ಬೆಳೆಯಬಹುದು. ಆದರೆ ಕುಂಡವು ಕಾದ ಗಾರೆಯ ಮೇಲೆ ನೇರವಾಗಿ ಕೂರದಂತೆ ಹಲಗೆಯನ್ನೋ ಇಟ್ಟಿಗೆಯನ್ನೋ ಅಡಿಯಲ್ಲಿ ಕೊಡಬೇಕು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಬಿರುಮಳೆಯಲ್ಲಿ ನೀರು ನಿಲ್ಲದಂತೆ ಮಡಿಯು ನೆಲಕ್ಕಿಂತ ಅರ್ಧ ಅಡಿ ಎತ್ತರವಾಗಿರತಕ್ಕದ್ದು.

ಲೆಟ್ಯೂಸಿನ ಬೇರುಗಳು ಬಹುಪಾಲು ಮೇಲ್ಮಣ್ಣಿನಲ್ಲಿಯೇ ಹರಡುವುದರಿಂದ ನೀರನ್ನು ಸ್ವಲ್ಪಸ್ವಲ್ಪವಾಗಿ, ಆದರೆ ತಪ್ಪದೆ ಕೊಡಬೇಕು. ಒಂದು ದಿನ ಒಣಗಿಸಿ ಮರುದಿನ ತುಂಬ ನೀರುಣಿಸಿದರೆ ಎಳೆಯ ಎಲೆಗಳ ಅಂಚು ಕಂದುಬಣ್ಣಕ್ಕೆ ತಿರುಗಿ ಸುಡುವುದು. ಮಣ್ಣಿನಲ್ಲಿ ಸುಣ್ಣದ ಅಂಶವು ಇದ್ದಾಗಲೂ ನೀರಿನ ಓಟವು ಸಮನಾಗಿರದೆ ಅದು ಎಳೆ ಎಲೆಯ ತುದಿಗೆ ತಲಪದಿರುವುದೇ ಇದರ ಕಾರಣ.

ಗೊಬ್ಬರದ ವಿಷಯದಲ್ಲಿ ವಿಶೇಷವಾದ ಎಚ್ಚರಿಕೆಯು ಬೇಕು. ಕುದಿಸಿ ತಿನ್ನುವ ಸೊಪ್ಪಿನಲ್ಲಿ ಕುದಿತವೇ ರೋಗಾಣುಗಳನ್ನು ಕೊಲ್ಲುವುದು. ಹಸಿಯಾಗಿ ತಿನ್ನುವ ಸೊಪ್ಪಿಗೆ ಆ ರಕ್ಷಣೆಯಿಲ್ಲ. ಅಮೆರಿಕದ ಸಾವಯವ ವ್ಯವಸಾಯದ ನಿಯಮಗಳಲ್ಲಿ ಮಣ್ಣಿಗೆ ತಗಲುವ ಬೆಳೆಗಳಿಗೆ ಹಸಿ ಸಗಣಿಯ ಗೊಬ್ಬರವನ್ನು ಕೊಯ್ಲಿಗೆ ೧೨೦ ದಿನಗಳ ಮೊದಲೇ ಹಾಕಿ ಮುಗಿಸಿರಬೇಕೆಂದು ವಿಧಿಸಿರುತ್ತದೆ. ಲೆಟ್ಯೂಸಿನ ಪೂರ್ಣಾಯುಸ್ಸೇ ಅದರ ಅರ್ಧದಷ್ಟು. ಅಂದಮೇಲೆ ನಿಂತ ಬೆಳೆಗೆ ಹಸಿ ಸಗಣಿಯನ್ನಾಗಲಿ, ಸಗಣಿಯ ಬಗ್ಗಡವನ್ನಾಗಲಿ ಎಂದೂ ಕೊಡಕೂಡದೆಂಬುದು ಸ್ಪಷ್ಟ. ಪೂರ್ತಿಯಾಗಿ ಕಳಿತು ಮಣ್ಣಿನ ವಾಸನೆ ಬಂದ ಕಾಂಪೋಸ್ಟನ್ನು ನಾಟಿಗೆ ಮೊದಲೇ ಬೆರಸಿ, ಬೇಕಾದರೆ ಹೊಂಗೆಯ ಅಥವಾ ಬೇವಿನ ಹಿಂಡಿಯ ಪುಡಿಯನ್ನು ಗಿಡಕ್ಕೊಂದು ಚಮಚದಂತೆ ಬುಡದಿಂದ ದೂರವಾಗಿ ಕೊಟ್ಟರೆ ಸಾಕು. ಚರಂಡಿಯ ನೀರು ಸೇರಿದ ಕೆರೆ ಕಾಲುವೆಗಳ ನೀರನ್ನು ಈ ಬೆಳೆಗೆ ಉಪಯೋಗಿಸಲೇಬಾರದು. ಸ್ವಂತ ಹಿತ್ತಲಲ್ಲಿ ಲೆಟ್ಯೂಸು ಬೆಳೆಯುವುದರ ನಿಜವಾದ ಲಾಭವೇ ಇದು: ಎಲೆಯು ಯಾವ ನೀರನ್ನು ಕುಡಿದು ಬೆಳೆಯಿತೆಂಬುದು ತಿನ್ನುವವನಿಗೆ ತಿಳಿದಿರುತ್ತದೆ.

ಇದೇ ಕಾರಣದಿಂದ ಕ್ರಿಮಿನಾಶಕ ವಿಷಗಳನ್ನೂ ದೂರವಿಡತಕ್ಕದ್ದು. ಸಸ್ಯಹೇನು ಕಂಡರೆ ನೀರಿನ ರಭಸದಿಂದ ತೊಳೆದು ಕೆಡಹಬಹುದು. ಹೆಚ್ಚಾಗಿ ಅಂಟಿದ ಎಲೆಯನ್ನು ಕಿತ್ತು ಎಸೆಯಬಹುದು. ಮಳೆಗಾಲದ ಕೊನೆಯಲ್ಲಿ ಬಸವನಹುಳುಗಳ ಹಾವಳಿ ಹೆಚ್ಚು. ರಾತ್ರಿ ದೀಪ ಹಿಡಿದು, ಕೈಗೆ ಚೀಲ ತೊಟ್ಟು, ಅವನ್ನು ಆರಿಸಿ ಉಪ್ಪುನೀರಿನಲ್ಲಿ ಹಾಕಬೇಕು. ಲೋಳೆ ಹರಿದ ಎಲೆಯನ್ನು ತಿನ್ನಬಾರದು.

ಕೊಯ್ಲು

ಬೆಳಗಿನ ತಂಪಿನಲ್ಲಿ ಹೊರಗಿನ ದೊಡ್ಡ ಎಲೆಗಳನ್ನು ಮಾತ್ರ ಬಿಡಿಸಿ, ಸುಳಿಯನ್ನು ಬಿಡುತ್ತ ಬಂದರೆ ಗಿಡವು ಮತ್ತೆ ಎಲೆಯಿಡುವುದು. ಎಲೆಗಳನ್ನು ಒಂದೊಂದಾಗಿ ಹರಿಯುವ ಶುದ್ಧಜಲದಲ್ಲಿ ಎರಡೂ ಮಗ್ಗುಲು ತೊಳೆದು ನೀರು ಬಸಿಯಬಿಡಬೇಕು. ಈ ಸೊಪ್ಪಿನಲ್ಲಿ ನೂರಕ್ಕೆ ಸುಮಾರು ೯೫ ಪಾಲು ನೀರೇ ಇದ್ದರೂ ಫೋಲೇಟ್, ಕೆ ಜೀವಸತ್ತ್ವ, ಎ ಜೀವಸತ್ತ್ವವಾಗಿ ಮಾರ್ಪಡುವ ಕ್ಯಾರೊಟೀನ್ ಮೊದಲಾದವುಗಳುಂಟು. ಬಿಳಿಯ ಒಳಗೆಡ್ಡೆಗಿಂತ ಬಿಸಿಲು ಕಂಡ ಹಸುರೆಲೆಯಲ್ಲಿಯೇ ಇವು ಅಧಿಕ. ಆದುದರಿಂದ ಹೊರಗಿನ ಹಸುರೆಲೆಯನ್ನು ಒರಟೆಂದು ಎಸೆಯುವುದು ನಷ್ಟ.

ಒಂದೇ ಸಲ ಪೊಟ್ಟಣವನ್ನೆಲ್ಲ ಬಿತ್ತಿದರೆ ಎರಡು ವಾರ ಹೇರಳವಾಗಿಯೂ ಬಳಿಕ ಶೂನ್ಯವಾಗಿಯೂ ಆಗುವುದು. ಎರಡು ವಾರಗಳಿಗೊಮ್ಮೆ ೩೦ ಬೀಜಗಳಂತೆ ಬಿತ್ತಿದರೆ, ಸೆಪ್ಟೆಂಬರಿನಿಂದ ಜನವರಿಯವರೆಗೆ ಹತ್ತು ಬಿತ್ತನೆಗಳಿಗೂ ೩೦೦ ಬೀಜಗಳು, ಎಂದರೆ ಗ್ರಾಮಿನ ಅರ್ಧಕ್ಕಿಂತ ಕಡಮೆ, ಸಾಕಾಗುವುದು.

ಬೀಜದ ಸಂಗ್ರಹ

ಫೆಬ್ರವರಿ ಕಳೆದು ಬಿಸಿಲೇರಿದೊಡನೆ ಗಿಡದ ನಡುವಿನಿಂದ ದಂಟು ಏಳುವುದು. ಆಗ ಹಾಲು ಹೆಚ್ಚಿ ಎಲೆಯು ಕಹಿಯಾಗುವುದು. ಈ ದಂಟನ್ನು ಕಡೆಯದಾಗಿ ಎತ್ತುವ ಒಂದೆರಡು ಗಿಡಗಳನ್ನು ಗುರುತಿಟ್ಟು ಬೀಜಕ್ಕೆ ಬಿಡಬೇಕು. ಮೊದಲು ದಂಟೆತ್ತಿದ ಗಿಡದ ಬೀಜವನ್ನು ಹಿಡಿದರೆ ಮುಂದಿನ ವರ್ಷ ಬೇಗನೆ ಕಹಿಯಾಗುವ ಸಂತತಿಯನ್ನೇ ಆರಿಸಿದಂತಾಗುವುದು. ಲೆಟ್ಯೂಸು ಬಹುಪಾಲು ತನ್ನ ಪರಾಗದಿಂದಲೇ ಫಲಿಸುವುದರಿಂದ ತಳಿಯು ಕೆಡುವ ಭಯವು ಅಲ್ಪ. ಹಳದಿಯ ಹೂಗಳು ಬಾಡಿ, ಎರಡು ಮೂರು ವಾರಗಳಲ್ಲಿ ಬಿಳಿಯ ಕುಚ್ಚು ಬಿಚ್ಚಿದಾಗ ದಂಟನ್ನು ಕಾಗದದ ಚೀಲದೊಳಗೆ ಬಗ್ಗಿಸಿ ಅಲುಗಾಡಿಸಿದರೆ ಬಲಿತ ಬೀಜವು ಉದುರುವುದು. ಹೂಗಳು ಒಮ್ಮೆಗೇ ಬಲಿಯವಾದುದರಿಂದ ಈ ಕೆಲಸವನ್ನು ಕೆಲವು ದಿನಗಳಿಗೊಮ್ಮೆ ಮಾಡಬೇಕು. ಹೊಸದಾಗಿ ಹಿಡಿದ ಬೀಜವು ಕೆಲಕಾಲ ನಿದ್ರೆಯಲ್ಲಿರುವುದರಿಂದ ಅದನ್ನು ನೆರಳಿನಲ್ಲಿ ಒಣಗಿಸಿ ಆಗಸ್ಟಿನವರೆಗೆ ಕಾಪಾಡಿಡುವುದೇ ಸರಿ.

ಸಾರಾಂಶವಾಗಿ ಹೇಳುವುದಾದರೆ, ಬೀಜವನ್ನು ಪರೀಕ್ಷಿಸಿ ಕೊಳ್ಳಬೇಕು. ತಂಪು ಕೊಟ್ಟು ಸಂಜೆ ಬಿತ್ತಬೇಕು. ತೆಳುವಾಗಿ ಮುಚ್ಚಿ ಬೆಳಕಿಗಿಡಬೇಕು. ಮೊಳೆತ ದಿನವೇ ಎಳೆಬಿಸಿಲಿಗೆ ಒಡ್ಡಬೇಕು. ಹಸಿ ಗೊಬ್ಬರವನ್ನೂ ಕೊಳಚೆ ನೀರನ್ನೂ ಸೋಕಿಸಕೂಡದು. ಇಷ್ಟನ್ನು ಪಾಲಿಸಿದ ಗೃಹಸ್ಥರ ಮನೆಯಲ್ಲಿ, ಪೇಟೆಯ ಬೆಳೆಯು ಇನ್ನೂ ಸಸಿಯಾಗಿರುವಾಗಲೇ, ಊಟದ ಎಲೆಯ ಮೇಲೆ ಶುಚಿಯಾದ ಹಸಿಸೊಪ್ಪು ಬೀಳುವುದು.